ಅರ್ಧಕ್ಕೆ ನಿಂತ ಹಾರೈಕೆ

ಬಿಷ್ಕೆಕ್
9 ಅಕ್ಟೋಬರ್ 2017

ಅತಾ,

'ನಿನ್ನ ಒಲೆಯ ಹೊಗೆ ನೆಟ್ಟಗೆ ಏರಲಿ, ನಿನ್ನ ಬಾಗಿಲಲ್ಲಿ…'

ಇಲ್ಲಿಗೆ ನನ್ನ ನೆನಪು ನಿಂತುಬಿಡುತ್ತದೆ. ಬಾಗಿಲಲ್ಲಿ ಏನು? ಕುದುರೆ ಕಟ್ಟಿರಲಿ ಎಂದೇ? ಮಗು ಆಡುತ್ತಿರಲಿ ಎಂದೇ? ನನ್ನ ಮದುವೆಯ ದಿನ ನೀವು ಎರಡೂ ಅಂಗೈ ಎದೆಯ ಮಟ್ಟಕ್ಕೆ ಎತ್ತಿ ಇದೇ ಹಾರೈಕೆ ಹೇಳಿದ್ದಿರಿ. ಅಂದು ನಾನು ಮುಸುಕಿನೊಳಗೆ ಅಳುತ್ತಿದ್ದೆ, ಕಡೆಯ ಮಾತು ಕಿವಿಗೆ ಬೀಳಲಿಲ್ಲ. ಮೊದಲ ಸಾಲನ್ನು ಮಾತ್ರ ಇಷ್ಟು ವರ್ಷ ಮನಸ್ಸಿನಲ್ಲಿ ತಿರುವಿಹಾಕುತ್ತಾ ಬಂದಿದ್ದೇನೆ. ಈಚೆಗೆ ಅದರ ಮೇಲೂ ಅನುಮಾನ. ಹೊಗೆ ನೆಟ್ಟಗೆ ಏರಬೇಕಾದರೆ ಗಾಳಿಯೇ ಇರಬಾರದಲ್ಲ. ಗಾಳಿ ಆಡದ ಮನೆಯನ್ನು ಯಾರಾದರೂ ಮಗಳಿಗೆ ಹಾರೈಸುತ್ತಾರೆಯೇ?

ಐಪೆರಿಯ ಮದುವೆಯಲ್ಲಾದರೂ ಪೂರ್ತಿ ಕೇಳಿಸಿಕೊಳ್ಳೋಣ ಎಂದು ಕಾದಿದ್ದೆ. ನೀವು 'ನಿನ್ನ ಬಾಗಿಲಲ್ಲಿ' ಎಂದಿರಿ. ನಿಲ್ಲಿಸಿದಿರಿ. ಸಭಾಂಗಣದ ಅಷ್ಟೂ ಜನ ಕೈ ಎತ್ತಿಕೊಂಡೇ ಕಾದರು. ಭಾವ ಉಕ್ಕಿ ಗಂಟಲು ಕಟ್ಟಿರಬೇಕು ಎಂದುಕೊಂಡೆ ನಾನು. ಆಮೇಲೆ ಮೈಕಿನಲ್ಲಿ ಗೊರಕೆ ಕೇಳಿಸಿತು.

ಮದುಮಗನ ಚಿಕ್ಕಪ್ಪ ನಿಮ್ಮ ಮುಂದಿದ್ದ ಲೋಟ ನೋಡಿ, "ಬ್ರಾಂಡಿ ಒಳ್ಳೇದೇ ತರಿಸಿದೀವಿ ಅಂತ ಆಯ್ತು ಬೀಗರೇ!" ಎಂದ. ಮೇಜುಗಳೆಲ್ಲ ನಕ್ಕವು. ಮದುಮಗನ ತಾಯಿ ತಮಾರಾ ಗಡಿಬಿಡಿಯಲ್ಲಿ, ಹಾರೈಕೆ ಮುಗಿಯಿತು ಎಂಬಂತೆ, "ಓಮಿನ್" ಎಂದು ಮುಖ ಸವರಿಕೊಂಡರು. ಉಳಿದವರೂ ಸವರಿಕೊಂಡರು. ನನ್ನ ಮಗಳು ಅರ್ಧ ಹಾರೈಕೆಗೇ ತಲೆ ತಗ್ಗಿಸಿ ಗಂಡನ ಮನೆಗೆ ಹೋದಳು.

ಕಾರಿನ ಹತ್ತಿರ ನಾನು ಆಡಿದ ಮಾತು ನಿಮಗೆ ನೆನಪಿರಬಹುದು. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಹಿಂದಕ್ಕೂ ತೆಗೆದುಕೊಳ್ಳುವುದಿಲ್ಲ. ನಾಳೆ ಕಾಲೇಜಿನಲ್ಲಿ ಪದ್ಯ ಪಾಠ ಮಾಡಬೇಕು, ಮಕ್ಕಳಲ್ಲಿ ಇಬ್ಬರು ಆ ಮದುವೆಗೆ ಬಂದಿದ್ದವರು. ಅವರ ಮುಖ ನೋಡಿ ಹೇಗೆ ನಿಲ್ಲಲಿ ಎಂಬುದೇ ಈಗ ನನ್ನ ಯೋಚನೆ.

ಒಂದೇ ಪ್ರಶ್ನೆ. ಅಮ್ಮ ತೀರಿಕೊಂಡ ಮೇಲೂ ಮುಟ್ಟದಿದ್ದ ಲೋಟವನ್ನು ಮೊಮ್ಮಗಳ ಮದುವೆಯ ದಿನವೇ ಯಾಕೆ ಹಿಡಿದಿರಿ?

ನಿಮ್ಮ ಮಗಳು
ಗುಲ್ಬಾರಾ

*

ತೆರೆಕ್-ಸೂ
2 ನವೆಂಬರ್ 2017

ಮಗಳೇ ಗುಲ್ಬಾರಾ,

ನಿನ್ನ ಕಾಗದವನ್ನು ವ್ಯಾನಿನ ಎಸೆನ್ ತಂದುಕೊಟ್ಟ. ಇಲ್ಲಿ ಎಲ್ಲರೂ ಕ್ಷೇಮ. ಬೆಟ್ಟದ ತುದಿಗೆ ಹಿಮ ಬಿದ್ದಿದೆ. ಹುಲ್ಲು ಈ ವರ್ಷ ಸಾಕಾಗುತ್ತದೆ. ಕೆಂಚು ಹೆಣ್ಣು ಕುದುರೆ ಗಬ್ಬವಾಗಿದೆ.

ಹೌದು, ಕುಡಿದಿದ್ದೆ. ಸಂತೋಷಕ್ಕೆ ಕುಡಿದೆ. ಮುದುಕನೊಬ್ಬ ಸಂತೋಷಕ್ಕೆ ಕುಡಿದರೆ ಲೋಕ ಮುಳುಗುವುದಿಲ್ಲ. ನಿನ್ನ ಬೀಗರಿಗೆ ಹಾಗೆಂದು ಹೇಳು.

ಆ ಸಾಲಿನ ಕಡೆಯ ಮಾತು ಏನೆಂದು ಕೇಳಿದ್ದೀಯ. ಹಾರೈಕೆಯನ್ನು ಕಾಗದದಲ್ಲಿ ಬರೆದು ಕಳಿಸುವುದಿಲ್ಲ. ಕೈ ಎತ್ತಿ, ಎದುರಿಗೆ ಕೂತವರ ಮುಖ ನೋಡಿ ಬಾಯಲ್ಲೇ ಹೇಳಬೇಕು. ನೀನು ಓದಿದವಳು, ನಿನಗೆ ಕಾಗದದ ಮೇಲೆ ನಂಬಿಕೆ. ನನಗಿಲ್ಲ.

ಇನ್ನು ಯಾವ ಸಮಾರಂಭಕ್ಕೂ ಬರಬೇಡಿ ಎಂದು ಕಾರಿನ ಹತ್ತಿರ ಹೇಳಿದ್ದೆಯಲ್ಲ, ಬರುವುದಿಲ್ಲ.

ಅತಾ

*

ತೆರೆಕ್-ಸೂ
14 ಜನವರಿ 2018

ಗುಲ್ಬಾರಾ ಎಜೆ,

ನಿಮ್ಮ ತಮ್ಮನ ಹೆಂಡತಿ ಜಿಬೆಕ್ ಕಾಗದ ಬರೆಯುತ್ತಿರುವುದು ಇದೇ ಮೊದಲು. ಫೋನು ಮಾಡಬಹುದಿತ್ತು, ಆದರೆ ನಮ್ಮ ಮನೆಯಲ್ಲಿ ಫೋನಿಗೆ ಎಲ್ಲರ ಕಿವಿ. ನೀವು ಧ್ವನಿ ಸಂದೇಶ ಕಳಿಸಿದರೆ ಮಕ್ಕಳು ಅದನ್ನು ಜೋರಾಗಿ ಹಾಕಿಬಿಡುತ್ತಾರೆ. ನಿಮ್ಮ ತಮ್ಮನಿಗೆ ಹೇಳೋಣವೆಂದರೆ ಅವರು ರಷ್ಯಾದಲ್ಲಿ ಕಟ್ಟಡ ಕೆಲಸದ ಮೇಲಿದ್ದಾರೆ, ಅಷ್ಟು ದೂರದಿಂದ ಚಿಂತೆಯಲ್ಲದೆ ಬೇರೇನು ಮಾಡಿಯಾರು? ಮಾವನವರ ನಿದ್ದೆಯ ವಿಷಯವನ್ನು ಸೊಸೆ ಬಾಯಲ್ಲಿ ಆಡುವುದು ಹೇಗೆ ಎಂದು ಶರತ್ಕಾಲದಿಂದ ಒದ್ದಾಡಿದೆ. ಬರೆದರೆ ನಾಚಿಕೆ ಸ್ವಲ್ಪ ಕಡಿಮೆ. ಓದಿ ಒಲೆಗೆ ಹಾಕಿಬಿಡಿ.

ಆ ಲೋಟದಲ್ಲಿದ್ದುದು ಬ್ರಾಂಡಿಯಲ್ಲ ಎಜೆ. ತಣ್ಣಗಿನ ಚಹಾ. ನಾನೇ ಮಾಡಿದ್ದು. ಮದುವೆಗೆ ಹೊರಡುವ ಬೆಳಗ್ಗೆ ಹಿರಿಯರು ಕರೆದು, "ಜಿಬೆಕ್, ಹಾಲು ಹಾಕ್ದೆ ಕಡುವಾಗಿ ಚಹಾ ಕಾಯ್ಸು. ಆರಿಸಿ ಈ ಸಣ್ಣ ಬಾಟ್ಲಿಗೆ ತುಂಬು" ಎಂದರು.

"ದಾರಿಗಾ ಅತಾ? ಬಿಸೀದು ಫ್ಲಾಸ್ಕಲ್ಲಿ ಹಾಕ್ಕೊಡ್ತೀನಿ."

"ಹೇಳಿದಷ್ಟು ಮಾಡು. ಕೇಳ್ಬೇಡ."

ಬಾಟಲಿಯ ಮೇಲೆ ಬ್ರಾಂಡಿಯ ಚೀಟಿ ಇತ್ತು. ಅಲ್ಲಿ ಮೇಜಿನ ಮೇಲೆ ಅವರು ಅದನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡಾಗ ನನಗೆ ಅರ್ಥವಾಯಿತು. ಜನ ಏನೆಂದುಕೊಳ್ಳಲಿ ಎಂದು ಇಟ್ಟುಕೊಂಡರೋ ಹಾಗೆಯೇ ಅಂದುಕೊಂಡರು. ನೀವೂ ಅಂದುಕೊಂಡಿರಿ. ಕಾರಿನ ಹತ್ತಿರ ನೀವು ಅವರಿಗೆ ಹೇಳುತ್ತಿದ್ದಾಗ ನಾನು ಅವರ ಕೋಟು ಹಿಡಿದು ಪಕ್ಕದಲ್ಲೇ ಇದ್ದೆ. ಬಾಯಿ ಬರಲಿಲ್ಲ.

ಅವರಿಗೆ ಹಗಲೆಲ್ಲ ನಿದ್ದೆ. ಚಹಾ ಬಟ್ಟಲು ಕೈಯಲ್ಲಿದ್ದ ಹಾಗೇ ನಿದ್ದೆ, ಕುದುರೆಯ ಮೇಲೂ ನಿದ್ದೆ. ಬೆಳಗ್ಗೆ ಎದ್ದಾಗ ತಲೆನೋವು. ನವೆಂಬರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ, ರಕ್ತದ ಒತ್ತಡ ತುಂಬಾ ಮೇಲಿತ್ತು.

"ಕುಡೀತೀರಾ?" ಎಂದರು ಡಾಕ್ಟರು.

"ಕುಡೀತೀನಿ."

"ಎಷ್ಟು?"

"ಬಾಟ್ಲಿ ಬಿಟ್ಟಷ್ಟು."

ಡಾಕ್ಟರು ನಕ್ಕುಬಿಟ್ಟರು. "ಹಂಗಾದ್ರೆ ನಿದ್ದೆ ಬರ್ದೆ ಇನ್ನೇನ್ ಬರುತ್ತೆ ಅಜ್ಜಾ? ಅದನ್ನ ಬಿಡಿ, ಈ ಮಾತ್ರೆ ತಗೊಳಿ" ಎಂದರು. ಅಲ್ಲಿಯೂ ನಾನು ಕೋಟು ಹಿಡಿದು ನಿಂತಿದ್ದೆ.

ಮುಖ್ಯವಾದದ್ದು ಇನ್ನೂ ಬರೆದಿಲ್ಲ. ಅವರ ಹಾಸಿಗೆಗೂ ನನ್ನ ಹಾಸಿಗೆಗೂ ನಡುವೆ ಒಂದು ತೆಳು ಗೋಡೆ. ಗೊರಕೆ ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ನಿಲ್ಲುತ್ತದೆ. ಗೊರಕೆಯಲ್ಲ ಎಜೆ, ಉಸಿರೇ ನಿಲ್ಲುತ್ತದೆ. ನಾನು ಎದ್ದು ಕೂರುತ್ತೇನೆ. ಕಾಯುತ್ತೇನೆ. ಆಮೇಲೆ ನೀರಿನಲ್ಲಿ ಮುಳುಗಿದವರು ಮೇಲೆ ಬಂದಂತೆ ಗಾಳಿ ಎಳೆದುಕೊಳ್ಳುತ್ತಾರೆ. ಹೊತ್ತಾದರೆ ನಾನು ಸೌಟಿನಿಂದ ಗೋಡೆ ಬಡಿಯುತ್ತೇನೆ, ಬೆಳಗ್ಗೆ ಇಲಿ ಎನ್ನುತ್ತೇನೆ. ರಾತ್ರಿಗೆ ಎಷ್ಟು ಸಲವೋ. ಅತ್ತೆ ಇದ್ದಾಗ, "ರಾತ್ರಿಯೆಲ್ಲ ಇವರನ್ನ ರೊಟ್ಟಿ ಥರ ಮಗುಚಿ ಹಾಕೋದೇ ಆಯ್ತು ಕಣೇ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಈಗ ಮಗುಚುವವರಿಲ್ಲ.

ಇನ್ನೊಂದು ಪಕ್ಕದ ಗೋಡೆಯಾಚೆ ಕಲಿಪಾ ಅಜ್ಜಿ. ಸೋವಿಯತ್ ಕಾಲದ ಜೋಡಿ ಮನೆ, ನಿಮಗೆ ಗೊತ್ತಲ್ಲ. ಅವರು ಬಾವಿಯ ಹತ್ತಿರ ಎಲ್ಲರ ಮುಂದೆ, "ನಿಮ್ ಮುದುಕ ರಾತ್ರಿ ಟ್ರ್ಯಾಕ್ಟರ್ ಓಡಿಸ್ತಾನಲ್ಲೇ, ಡೀಸೆಲ್ ಯಾರೇ ಹಾಕೋರು?" ಎನ್ನುತ್ತಾರೆ. ಹೆಂಗಸರು ನಗುತ್ತಾರೆ. ಬಲವಾದ ಗಂಡಸಿನ ಗೊರಕೆ ಎಂದು ಊರಿಗೆ ಒಂದು ಬಗೆಯ ಹೆಮ್ಮೆಯೇ.

ನೀವು ದೊಡ್ಡ ಊರಿನಲ್ಲಿದ್ದೀರಿ. ಯಾರನ್ನಾದರೂ ಕೇಳಿ. ನಾನು ಬರೆದೆ ಎಂದು ಮಾತ್ರ ಅವರಿಗೆ ತಿಳಿಯಬಾರದು.

ನಿಮ್ಮ
ಜಿಬೆಕ್

*

ಬಿಷ್ಕೆಕ್
11 ಫೆಬ್ರವರಿ 2018

ಅತಾ,

ಇಲ್ಲಿ ಚಳಿ, ಹೊಗೆ. ನಗರದ ಹೊಗೆ ನೆಟ್ಟಗೆ ಏರುವುದಿಲ್ಲ, ಕಿಟಕಿಯ ಮಟ್ಟಕ್ಕೇ ಕೂತಿರುತ್ತದೆ.

ನಮ್ಮ ಬೀದಿಗೆ ಒಬ್ಬ ಒಳ್ಳೆಯ ಹಲ್ಲಿನ ಡಾಕ್ಟರು ಬಂದಿದ್ದಾರೆ. ನಿಮ್ಮ ಕೆಳಗಿನ ಹಲ್ಲಿನ ಕಟ್ಟು ಸಡಿಲವಾಗಿದೆ ಎಂದು ಹಿಂದೆ ಹೇಳಿದ್ದಿರಿ. ಒಂದು ವಾರ ಬಂದು ಇದ್ದು ಹೋಗಿ. ಬಂದಾಗ ಹಾಗೆಯೇ ಬೇರೆ ಡಾಕ್ಟರಿಗೂ ತೋರಿಸಬಹುದು. ನಿಮ್ಮ ಮಾತ್ರೆಗಳನ್ನು ಮರೆಯದೆ ತನ್ನಿ.

ಎಸೆನ್‌ಗೆ ಹೇಳಿದ್ದೇನೆ, ಮುಂದಿನ ಸೀಟು ನಿಮಗೆ ಇಡುತ್ತಾನೆ.

ಗುಲ್ಬಾರಾ

*

ತೆರೆಕ್-ಸೂ
29 ಮಾರ್ಚ್ 2018

ಎಜೆ,

ನೀವು ಬಿಷ್ಕೆಕ್ ಆಸ್ಪತ್ರೆಯಲ್ಲಿ ಹಿರಿಯರ ಹಾಸಿಗೆಯ ಪಕ್ಕ ಕೂತಿದ್ದೀರಿ, ನಾನು ಇಲ್ಲಿ ಅವರಿಲ್ಲದ ಮನೆಯಲ್ಲಿ. ಫೋನಿನಲ್ಲಿ 'ಪಾರ್ಶ್ವವಾಯು' ಎಂಬ ಒಂದು ಮಾತು ಹೇಳಿ ಅತ್ತುಬಿಟ್ಟೆ. ನೀವು ಇಲ್ಲಿನ ಆಸ್ಪತ್ರೆಗೆ ಬಂದು ಅವರನ್ನು ಕರೆದೊಯ್ದಾಗಲೂ ನಿಮ್ಮ ಮುಖ ನೋಡಲಾಗಲಿಲ್ಲ. ಉಳಿದದ್ದನ್ನು ಬರೆಯುತ್ತೇನೆ.

ವಸಂತದ ನೂರುಜ್ ಹಬ್ಬದ ಹಿಂದಿನ ರಾತ್ರಿ ಮೊಳಕೆ ಗೋದಿಯ ಗಂಜಿ ಕಲಿಪಾ ಅಜ್ಜಿಯ ಅಂಗಳದಲ್ಲಿ. ದೊಡ್ಡ ಕಡಾಯಿ, ಬೆಳಗಿನ ತನಕ ಕೈಯಾಡಿಸಬೇಕಲ್ಲ, ಬೀದಿಯ ಹೆಂಗಸರು ಮಕ್ಕಳೆಲ್ಲ ಅಲ್ಲೇ. ನಾನು ಹೋಗಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿದ್ದೆ. ಹಿರಿಯರೇ, "ಹೋಗು. ನೂರುಜ್ ದಿನ ಸೊಸೆ ಮನೇಲಿ ಕೂತ್ರೆ ಊರು ಏನನ್ನುತ್ತೆ?" ಎಂದರು. ಊರು ಏನನ್ನುತ್ತದೋ ಎಂದು ಹೋದೆ. ಕಲಿಪಾ ಅಜ್ಜಿ ಸೌಟು ನನ್ನ ಕೈಗೆ ಕೊಟ್ಟು, "ಇವತ್ತು ನಮ್ಮಿಬ್ರಿಗೂ ಆ ಟ್ರ್ಯಾಕ್ಟರಿಂದ ರಜಾ ಕಣೇ" ಎಂದರು. ನಾನು ನಕ್ಕೆ. ವರ್ಷದಲ್ಲಿ ಅದೊಂದೇ ರಾತ್ರಿ ಗೋಡೆಯ ಎರಡು ಕಡೆಯೂ ಯಾರೂ ಇರಲಿಲ್ಲ.

ಬೆಳಕು ಹರಿಯುವಾಗ ಮೊದಲ ಬಟ್ಟಲು ಅವರಿಗೆಂದು ತಂದೆ. ಅರ್ಧ ಮುಖ ಕೆಳಗೆ ಜಾರಿತ್ತು. ಏನೋ ಹೇಳಲು ನೋಡುತ್ತಿದ್ದರು, ಮಾತು ನೀರಿನೊಳಗಿಂದ ಬಂದ ಹಾಗಿತ್ತು. ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು.

ಆಂಬ್ಯುಲೆನ್ಸಿಗೆ ಫೋನು ಮಾಡಿದೆ. "ರೋಗಿ ಹೆಸರು?" ಎಂದರು.

"ನಮ್ ಮಾವ."

"ಹೆಸರು ಹೇಳಮ್ಮಾ."

ಈ ಮನೆಗೆ ಬಂದಾಗಿನಿಂದ ಆ ಹೆಸರನ್ನು ನಾನು ಬಾಯಿಗೆ ತಂದವಳಲ್ಲ. ನಮ್ಮಮ್ಮ ಕಲಿಸಿದ್ದು ಹಾಗೆ, ನಿಮ್ಮಮ್ಮನೂ ಹಾಗೆಯೇ ಇಟ್ಟುಕೊಂಡಿದ್ದರು. ಅಷ್ಟು ಹೊತ್ತಿನಲ್ಲೂ ನಾಲಿಗೆ ಏಳಲಿಲ್ಲ ಎಜೆ. ಫೋನು ಹಿಡಿದು ಕಲಿಪಾ ಅಜ್ಜಿಯ ಅಂಗಳಕ್ಕೆ ಓಡಿದೆ. ಅವರು ಫೋನು ಕಿತ್ತುಕೊಂಡು, "ಶಾರ್ಶೆನ್ ಕಣಯ್ಯಾ, ಶಾರ್ಶೆನ್! ಹೆಸರು ಕೇಳ್ತಾ ಕೂತಿದೀಯಲ್ಲ, ಗಾಡಿ ಕಳ್ಸು ಮೊದಲು!" ಎಂದು ಬೀದಿಗೇ ಕೇಳುವ ಹಾಗೆ ಕೂಗಿದರು.

ಆಸ್ಪತ್ರೆಯಲ್ಲಿ ಯಾವಾಗ ಶುರುವಾಯಿತು ಎಂದು ಕೇಳಿದರು. ಯಾರಿಗೆ ಗೊತ್ತು? ಹೊತ್ತು ಗೊತ್ತಿದ್ದರೆ ಕೊಡಬಹುದಾದ ಒಂದು ಔಷಧಿ ಇತ್ತಂತೆ. ಗೊತ್ತಿಲ್ಲದ್ದರಿಂದ ಕೊಡಲಿಲ್ಲ. ಉಳಿದ ರಾತ್ರಿಗಳೆಲ್ಲ ನನಗೆ ಗೊತ್ತಿದ್ದವು.

ಜನವರಿಯಲ್ಲಿ ನಾನು ಬರೆದ ಕಾಗದ ನಿಮಗೆ ತಲುಪಿತ್ತೇ? ಉತ್ತರ ಬರಲಿಲ್ಲವಾದ್ದರಿಂದ ಕೇಳುತ್ತಿದ್ದೇನೆ, ಬೇರೇನೂ ಅಲ್ಲ.

ಜಿಬೆಕ್

*

ಬಿಷ್ಕೆಕ್
22 ಏಪ್ರಿಲ್ 2018

ಪ್ರೀತಿಯ ಜಿಬೆಕ್,

ತಲುಪಿತ್ತು. ಓದಿದ ದಿನವೇ ಹೊರಟು ಬರಬೇಕಾಗಿತ್ತು. ಬಂದರೆ ಅತಾ ಎದುರು ಕೂರಬೇಕು. ಕಾರಿನ ಹತ್ತಿರ, ನಿನ್ನ ಮುಂದೆ, "ಅಮ್ಮ ಸತ್ತಿದ್ದೇ ಒಳ್ಳೇದಾಯ್ತು, ಇದನ್ನ ನೋಡ್ಲಿಲ್ಲ" ಎಂದಿದ್ದೆನಲ್ಲ, ತಣ್ಣಗಿನ ಚಹಾ ಕುಡಿದವರಿಗೆ. ಅದಕ್ಕೆ ಮುಖ ಕೊಡಲಾರದೆ ಹಲ್ಲಿನ ಡಾಕ್ಟರ ಕಥೆ ಕಟ್ಟಿದೆ. 'ಕುರಿ ಮರಿ ಹಾಕೋ ಕಾಲ, ಆಮೇಲೆ ನೋಡೋಣ' ಎಂದು ಅತಾ ಎಸೆನ್ ಕೈಲಿ ಹೇಳಿ ಕಳಿಸಿದರು. ಹಾಗೆಂದು ಕೇಳಿದಾಗ ನನಗೆ ನಿಜವಾಗಿ ಹಗುರವಾಯಿತು ಜಿಬೆಕ್. ನಿನ್ನ ನಾಲಿಗೆ ಏಳಲಿಲ್ಲವೆಂದು ನೀನು ಕೊರಗಬೇಡ. ನಿನಗೆ ಕಟ್ಟಿದ ಬಾಯಿ, ಆದರೂ ಬರೆದೆ. ನನ್ನ ಬಾಯಿಗೆ ಯಾರೂ ಕಟ್ಟು ಹಾಕಿರಲಿಲ್ಲ.

ಇಲ್ಲಿನ ಡಾಕ್ಟರಮ್ಮ ನಮ್ಮ ಜುಮ್ಗಾಲ್ ಕಡೆಯವರು. ಮೊದಲ ದಿನವೇ ಕೇಳಿದ್ದು, "ಇವರ ಪಕ್ಕ ಯಾರು ಮಲಗ್ತಾರೆ?" ಎಂದು. ಯಾರೂ ಇಲ್ಲ ಎಂದೆ. "ಹಂಗಾದ್ರೆ ಗೋಡೆ ಆ ಕಡೆ ಯಾರು?" ಎಂದರು. ಆಗ ನಿನ್ನ ಕಾಗದ ತೆಗೆದು ಓದಿ ಹೇಳಿದೆ. ಒಲೆಗೆ ಹಾಕಿರಲಿಲ್ಲ, ಕ್ಷಮಿಸು. ಅವರು ಸೌಟಿನ ಮಾತು ಬಂದಾಗ ಕಣ್ಣು ಮುಚ್ಚಿಕೊಂಡರು.

ಒಂದು ರಾತ್ರಿ ಮೈಗೆಲ್ಲ ತಂತಿ ಅಂಟಿಸಿ ಮಲಗಿಸಿ ನೋಡಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆಯಂತೆ. ಉಸಿರು ನಿಂತಾಗ ರಕ್ತದಲ್ಲಿ ಪ್ರಾಣವಾಯು ಇಳಿಯುತ್ತದೆ, ಮೈ ಗಾಬರಿಯಾಗಿ ಒತ್ತಡ ಏರಿಸುತ್ತದೆ, ಮತ್ತೆ ಉಸಿರು, ಮತ್ತೆ ನಿಲ್ಲುವುದು, ರಾತ್ರಿಯೆಲ್ಲ. ಹಾಗೆ ವರ್ಷಗಟ್ಟಲೆ ನಡೆದರೆ ರಕ್ತನಾಳ ಹಾಳಾಗುತ್ತದೆ, ಹೃದಯ ತಾಳ ತಪ್ಪುತ್ತದೆ. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಅತಾನ ಹೃದಯವೂ ತಾಳ ತಪ್ಪಿದೆ.

"ಇದರಿಂದ್ಲೇ ಆಯ್ತು ಅಂತ ನಾನು ಆಣೆ ಮಾಡಲ್ಲ" ಎಂದರು ಡಾಕ್ಟರಮ್ಮ. "ವಯಸ್ಸಿದೆ, ಒತ್ತಡ ಇದೆ. ಆದ್ರೆ ಉಸಿರು ಹಿಂಗೆ ನಿಲ್ಲೋರಿಗೆ ಪಾರ್ಶ್ವವಾಯು ಜಾಸ್ತಿ. ಮಾತ್ರೆ ಕೊಟ್ರೂ ಒತ್ತಡ ಇಳೀದೆ ಇದ್ರೆ, ಹಗಲೆಲ್ಲ ತೂಕಡಿಸ್ತಿದ್ರೆ, ಯಾರಾದ್ರೂ ಒಬ್ರು ನಿದ್ದೆ ಹೆಂಗೆ ಅಂತ ಕೇಳ್ಬೇಕಿತ್ತು."

"ಕೇಳಿದವರಿಗೆ ಕುಡೀತೀನಿ ಅಂದಿದಾರೆ" ಎಂದೆ.

"ಯಾಕೆ?"

ನನಗೆ ಗೊತ್ತಿಲ್ಲ ಎಂದೆ. ಅತಾ ಅಲ್ಲೇ ಗೋಡೆಯ ಕಡೆ ತಿರುಗಿ ಮಲಗಿದ್ದರು.

ಮಾತು ತೊದಲುತ್ತದೆ, ಆದರೆ ತಿಳಿಯುತ್ತದೆ. ಬಲಗೈ ಭುಜದವರೆಗೆ ಏಳುತ್ತದೆ, ಬೆರಳು ಬಿಚ್ಚುವುದಿಲ್ಲ. ರಾತ್ರಿ ಮೂಗಿಗೆ ಹಾಕಿಕೊಳ್ಳುವ ಒಂದು ಮುಖವಾಡ, ಕೊಳವೆ, ಸಣ್ಣ ಯಂತ್ರ ಕೊಟ್ಟಿದ್ದಾರೆ. ಅದು ಗಾಳಿ ಊದಿ ಗಂಟಲು ತೆರೆದಿಡುತ್ತದೆ. "ಇದು ಹಾಕ್ಕೊಂಡ್ರೆ ಮತ್ತೆ ಬರೋದೇ ಇಲ್ಲ ಅಂತಲ್ಲ. ಮಾತ್ರೆನೂ ಬೇಕು, ಇದೂ ಬೇಕು. ಬಿಟ್ರೆ ಮಾತ್ರ ನನಗೆ ಭಯ" ಎಂದರು. ಇಲ್ಲಿ ನರ್ಸ್ ಕಟ್ಟಿದರೆ ಅತಾ ಸುಮ್ಮನಿರುತ್ತಾರೆ, ಅವರು ಅತ್ತ ಹೋದೊಡನೆ ಎಡಗೈಯಲ್ಲಿ ಕಿತ್ತು ಹಾಕುತ್ತಾರೆ.

ಮುಂದಿನ ವಾರ ಕರೆತರುತ್ತೇನೆ. ನಾನು ಉಳಿಯುತ್ತೇನೆ ಎಂದರೆ, "ಬೇಡ" ಎಂದರು. ಆ ಒಂದು ಮಾತು ತೊದಲಲಿಲ್ಲ.

ನಿನ್ನ
ಗುಲ್ಬಾರಾ

*

ತೆರೆಕ್-ಸೂ
18 ಮೇ 2018

ಮಗಳೇ,

ಎಡಗೈಯಲ್ಲಿ ಬರೆದದ್ದು. ಕೋಳಿ ಕೆದರಿದ ಹಾಗಿದ್ದರೆ ಬೈಯಬೇಡ. ಸ್ವಲ್ಪ ಸ್ವಲ್ಪವೇ ಬರೆದೆ.

ನೀನು ದಿನಾ ಫೋನು ಮಾಡಿ ಜಿಬೆಕ್‌ಗೆ 'ಹಾಕಿಕೊಂಡರೇ' ಎಂದು ಕೇಳುವುದು ನನಗೆ ಕೇಳಿಸುತ್ತದೆ. ಹಾಕಿಕೊಂಡಿಲ್ಲ. ನಲವತ್ತು ವರ್ಷ ಕುದುರೆಗಳ ಮೂತಿಗೆ ಮೇವಿನ ಚೀಲ ಕಟ್ಟಿದ ಕೈ ಇದು. ಸೊಸೆ, ಮೊಮ್ಮಕ್ಕಳ ಮುಂದೆ ಅದನ್ನೇ ನಾನು ಕಟ್ಟಿಕೊಂಡು ಮಲಗಲೇ? ಬೆಳಗ್ಗೆ ಅವರು ನನ್ನನ್ನು ಯಾವ ಕಣ್ಣಿನಿಂದ ನೋಡಿಯಾರು?

ಯಾಕೆ ಕುಡಿದವನಂತೆ ನಟಿಸಿದೆ ಎಂದು ಆ ಡಾಕ್ಟರಮ್ಮ ನಿನ್ನನ್ನು ಕೇಳಿದಾಗ ನನಗೆ ಎಚ್ಚರವಿತ್ತು. ಕೇಳು. ಕೆಂಜೆಬಾಯ್‌ನನ್ನು ನೀನು ಬಲ್ಲೆ. ಊರಿನ ಸಮಾರಂಭಗಳಲ್ಲಿ ನನಗಿಂತ ಚೆನ್ನಾಗಿ ಹಾರೈಸುತ್ತಿದ್ದ. ಕಣ್ಣು ಮಂಜಾಗಿದೆ, ಕಾಲು ನಡುಗುತ್ತದೆ ಎಂದು ಊರಿಗೆ ಗೊತ್ತಾಯಿತು. ಪಾಪ, ತೊಂದರೆ ಯಾಕೆ ಕೊಡುವುದು ಎಂದು ಕರೆಯುವುದು ಬಿಟ್ಟರು. ಸಮಾರಂಭದ ಮಾಂಸವನ್ನು ಅವನ ಮನೆಗೇ ಕಳಿಸುತ್ತಾರೆ. ನಾನೇ ಒಮ್ಮೆ ಕೊಂಡುಹೋಗಿ ಕೊಟ್ಟೆ. ಬಾಗಿಲಲ್ಲಿ ತಟ್ಟೆ ಈಸಿಕೊಂಡು ಅವನು ನನ್ನ ಮುಖ ನೋಡಲಿಲ್ಲ.

ನನಗೆ ಮೊದಲ ಸಲ ಜನರ ನಡುವೆ ನಿದ್ದೆ ಹತ್ತಿದಾಗ ಯಾರೋ, "ಶಾರ್ಶೆನ್ ಇವತ್ತು ಏರಿಸಿದಾನೆ" ಎಂದು ನಕ್ಕರು. ಮುಂದಿನ ಸಮಾರಂಭಕ್ಕೆ ಮತ್ತೆ ಕರೆದರು. ಕುಡಿದವನನ್ನು ಕ್ಷಮಿಸುತ್ತಾರೆ ಎಂದು ಅಂದು ಗೊತ್ತಾಯಿತು. ಅದಕ್ಕೇ ಐಪೆರಿಯ ಮದುವೆಯಲ್ಲಿ ಚಹಾ ಇಟ್ಟುಕೊಂಡು ಕೂತೆ. ನೀನು ಮಾತ್ರ ಕ್ಷಮಿಸದವಳು ಎಂದು ಮೊದಲೇ ತಿಳಿದಿದ್ದರೆ ನಿನಗೊಬ್ಬಳಿಗೆ ಹೇಳುತ್ತಿದ್ದೆನೋ ಏನೋ. ಇಲ್ಲ, ಹೇಳುತ್ತಿರಲಿಲ್ಲ.

ಈಗ ಹೇಗೂ ಎಲ್ಲರಿಗೂ ಗೊತ್ತು. ನಿನ್ನೆ ಮೂರು ಬೀದಿ ಆಚೆಯ ಮದುವೆಯಿಂದ ಮಾಂಸ ಬಂತು. ಜಿಬೆಕ್ ತಟ್ಟೆ ಈಸಿಕೊಂಡಳು. ನಾನು ತಿನ್ನಲಿಲ್ಲ.

ಚೀಲ ಕಟ್ಟಿಕೊಂಡು ಇನ್ನಷ್ಟು ದಿನ ಬದುಕಿ ಯಾರಿಗೆ ಏನು ಹೇಳುವುದಿದೆ?

ಅತಾ

*

ಬಿಷ್ಕೆಕ್
3 ಜೂನ್ 2018

ಅತಾ,

ನಿಮ್ಮ ಎಡಗೈಯ ಅಕ್ಷರವನ್ನು ಎಷ್ಟೋ ಸಲ ಓದಿದೆ. ಕೋಳಿಯ ಹಾಗಿಲ್ಲ. ಹಿಮದ ಮೇಲೆ ನಡೆದ ಹಕ್ಕಿಯ ಹಾಗಿದೆ.

ಕಳೆದ ಭಾನುವಾರ ತಮಾರಾ ಅವರ ಮನೆಗೆ ಹೋಗಿದ್ದೆ. ಬಾಗಿಲು ತಟ್ಟುವ ಮೊದಲು ಎರಡು ಸಲ ಮೆಟ್ಟಿಲಿಳಿದು ಹಿಂದೆ ಬಂದೆ. ಚಹಾ ಬಂತು, ಜಾಮು ಬಂತು, ಹವೆಯ ಮಾತಾಯಿತು. ಕಡೆಗೆ, "ನಮ್ಮ ತಂದೆ ಅವತ್ತು ಕುಡಿದಿರ್ಲಿಲ್ಲ. ಅವರಿಗೆ ಕಾಯಿಲೆ ಇತ್ತು. ನೀವೆಲ್ಲ ನಕ್ಕಾಗ ನಾನೂ ಅವರನ್ನ ಕುಡುಕ ಅಂದ್ಕೊಂಡೆ, ಅಂದ್ಕೊಂಡಿದ್ದಲ್ಲ, ಬಾಯ್ಬಿಟ್ಟು ಅಂದೆ" ಎಂದುಬಿಟ್ಟೆ. ಎದುರಿನ ಗೋಡೆಯ ಕಂಬಳಿಯ ಹೂಗಳನ್ನೇ ನೋಡುತ್ತಾ ಹೇಳಿದೆ. ಐಪೆರಿ ಚಹಾ ಸುರಿಯುತ್ತಿದ್ದವಳು ನಿಲ್ಲಿಸಿದಳು.

ತಮಾರಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು. ಆಮೇಲೆ, "ಬೀಗಿತ್ತೀ, ಕುಡಿದು ಮಲಗಿದ್ರೆ ನನಗೇನಾಗ್ಬೇಕಿತ್ತು? ನನ್ನ ಗಂಡ ನಮ್ಮ ಮದುವೇಲೇ ಮಲಗಿದ್ದ. ನಿಮ್ಮ ಮಾನ ಉಳೀಲಿ ಅಂತ ಓಮಿನ್ ಅಂದೆ, ಅಷ್ಟೆ. ಆದ್ರೆ ಅವತ್ತಿಂದ ಒಂದು ಕೊರೀತಾ ಇದೆ" ಎಂದರು.

"ಏನು?"

"ಹಾರೈಕೆ ಅರ್ಧ ಆಯ್ತಲ್ಲ. ನಡುವೆ ಬಾಯಿ ಹಾಕಿ ಮುಗಿಸಿದವಳು ನಾನೇ. ಈಗ ಹುಡುಗಿ ಬಸುರಿ. ಉಳಿದರ್ಧ ಕೇಳ್ದೆ ಇವಳ ಹೆರಿಗೆ ಆಗೋದು ನನಗೆ ಸರಿ ಕಾಣಲ್ಲ. ಯಾವಾಗ ಬರ್ಲಿ ಹೇಳಿ, ಎಲ್ರೂ ಬರ್ತೀವಿ."

ಮಾತು ತೊದಲುತ್ತದೆ, ಬಲಗೈ ಸರಿಯಾಗಿ ಏಳುವುದಿಲ್ಲ ಎಂದೆ.

"ನಮಗೇನು ಆತುರ? ಕಾಯ್ತೀವಿ. ಅವತ್ತೂ ಕಾಯ್ಬೇಕಿತ್ತು" ಎಂದರು.

ಜೂನ್ ಕೊನೆಯ ಶನಿವಾರ ಬರುತ್ತೇವೆ, ಅತಾ. ನಿಮ್ಮ ಮನೆಗೆ, ನಿಮ್ಮ ಎದುರು ಕೂರಲು. ತಟ್ಟೆ ಕಳಿಸಲು ಅಲ್ಲ. ಮೂತಿಗೆ ಚೀಲ ಕಟ್ಟಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಆ ದಿನ ನೀವು ಎಚ್ಚರವಾಗಿರಬೇಕು, ಇಷ್ಟೇ. ನಾನು ಮುಸುಕಿನೊಳಗೆ ಅಳುತ್ತಾ ಕಳೆದುಕೊಂಡ ಮಾತು ಅದು. ಈ ಸಲ ಅಳುವುದಿಲ್ಲ ಎಂದು ಮಾತು ಕೊಡಲಾರೆ, ಆದರೆ ಕಿವಿ ಕೊಟ್ಟು ಕೂತಿರುತ್ತೇನೆ.

ಕಾರಿನ ಹತ್ತಿರ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅಕ್ಟೋಬರಿನಲ್ಲಿ ಬರೆದಿದ್ದೆ. ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಬಾಯಲ್ಲೇ ಮಾಡಬೇಕು, ಕಾಗದದಲ್ಲಲ್ಲ. ಬಂದಾಗ.

ನಿಮ್ಮ ಮಗಳು
ಗುಲ್ಬಾರಾ

*

ತೆರೆಕ್-ಸೂ
12 ಜೂನ್ 2018

ಎಜೆ,

ಬೆಳಗಾಗಿದೆ, ಹಸು ಕರೆಯುವ ಮೊದಲು ಬರೆಯುತ್ತಿದ್ದೇನೆ. ಎಸೆನ್ ಎಂಟಕ್ಕೆ ಹೊರಡುತ್ತಾನೆ.

ನಿಮ್ಮ ಕಾಗದವನ್ನು ಹಿರಿಯರು ಅಂಗಳದ ಬೆಂಚಿನಲ್ಲಿ ಕೂತು ಓದಿದರು. ದಿನಗಟ್ಟಲೆ ಅದನ್ನು ಟೋಪಿಯೊಳಗೆ ಮಡಚಿಟ್ಟುಕೊಂಡೇ ಇದ್ದರು. ನಿನ್ನೆ ಸಂಜೆ, "ಜಿಬೆಕ್, ಬಾಗಿಲು ಹಾಕು. ಪರದೆ ಎಳಿ. ಮಕ್ಕಳನ್ನ ಆಚೆ ಕಳ್ಸು" ಎಂದರು. ಮೈ ಸರಿಯಿಲ್ಲವೇನೋ ಎಂದುಕೊಂಡೆ. ಅವರು ಮಂಚದ ಕೆಳಗಿದ್ದ ಮುಖವಾಡದ ಪೆಟ್ಟಿಗೆಯನ್ನು ಗಲ್ಲದಿಂದ ತೋರಿಸಿದರು.

"ಒಂದು ಕೈಯಲ್ಲಿ ಕಟ್ಕೊಳೋಕೆ ಬರಲ್ಲ."

ನಾನು ಅವರ ತಲೆ ಮುಟ್ಟಿದವಳೇ ಅಲ್ಲ. ಅವರ ಮುಂದೆ ತಲೆವಸ್ತ್ರ ಸರಿದರೂ ತಿರುಗಿ ನಿಲ್ಲುವವಳು. ಅವರು ಕಣ್ಣು ಮುಚ್ಚಿಕೊಂಡರು, ನಾನು ಗೋಡೆಯ ಕಡೆ ನೋಡುತ್ತಾ ಪಟ್ಟಿ ಹಿಡಿದೆ. ಅದು ಕಿವಿಗೆ ಸಿಕ್ಕಿಕೊಂಡಿತು.

"ಹಂಗಲ್ಲ" ಎಂದರು, ಒಂದೊಂದೇ ಮಾತು ಎಳೆದು. "ಮೊದ್ಲು… ಕಿವಿ ಬಿಡಿಸು. ಆಮೇಲೆ ಬಿಗಿ. ಕುದುರೆಯಾಗಿದ್ರೆ… ಒದೀತಿತ್ತು ನಿನ್ನ."

ನಗು ಬಂತು ಎಜೆ, ತಡೆದುಕೊಂಡೆ. ಅವರ ಭುಜವೂ ಅಲುಗುತ್ತಿತ್ತು. ಆಮೇಲೆ ಕನ್ನಡಿ ಕೇಳಲಿಲ್ಲ, ದೀಪ ಆರಿಸು ಎಂದರು.

ರಾತ್ರಿ ಗೋಡೆಗೆ ಕಿವಿಯಿಟ್ಟು ಕೂತಿದ್ದೆ. ಗೊರಕೆ ಇಲ್ಲ. ನಿಲ್ಲುವುದೂ ಇಲ್ಲ. ಬೆಟ್ಟದ ಮೇಲೆ ಗಾಳಿ ಹುಲ್ಲಿನಲ್ಲಿ ಹೋದ ಹಾಗೆ ಒಂದೇ ಸಮ ಸದ್ದು. ಸೌಟು ಕೈಯಲ್ಲೇ ಇತ್ತು, ಯಾವಾಗ ಜಾರಿತೋ ತಿಳಿಯದು, ನಾನೂ ನಿದ್ದೆ ಹೋಗಿಬಿಟ್ಟಿದ್ದೆ. ಇವತ್ತು ಒಂದು ರಾತ್ರಿ ಆಯಿತು, ಅಷ್ಟೇ. ನಾಳೆ ಕಿತ್ತು ಹಾಕಬಹುದು. ಆದರೆ ಆಗಲೇ ಎದ್ದಿದ್ದಾರೆ, ತಲೆನೋವಿಲ್ಲವಂತೆ. ಎದ್ದವರೇ ಕೇಳಿದ್ದು, ಕೊನೆಯ ಶನಿವಾರಕ್ಕೆ ಎಷ್ಟು ಜನ ಬರುತ್ತಾರೆ, ಕುರಿ ಯಾವುದು ಎಂದು.

ಐಪೆರಿಗೆ ಹುಳಿ ಏನಾದರೂ ಬೇಕೆನಿಸುತ್ತಿದ್ದರೆ ತಿಳಿಸಿ, ಒಣ ಮೊಸರಿನ ಉಂಡೆ ಮಾಡಿಡುತ್ತೇನೆ.

ನಿಮ್ಮ
ಜಿಬೆಕ್

ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಲಾರೆ. ಒಳಗೆ ಹಿರಿಯರು ಮಂಚದ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದರು. ಎಡಗೈ ಬಿಚ್ಚಿ ಎತ್ತಿ, ಬಲಗೈಯನ್ನು ಮುಷ್ಟಿ ಕಟ್ಟಿದ ಹಾಗೇ ಅದರ ಪಕ್ಕಕ್ಕೆ ತಂದು, "ನಿನ್ನ ಒಲೆಯ ಹೊಗೆ…" ಎಂದು ತೊದಲುತ್ತಾ ಬಂದು, "ನಿನ್ನ ಬಾಗಿಲಲ್ಲಿ…" ಎಂದರು. ಅಷ್ಟರಲ್ಲಿ ಯಾರೋ ಬಾಗಿಲು ಮುರಿಯುವ ಹಾಗೆ ಬಡಿದರು. ತೆಗೆದರೆ ಕಲಿಪಾ ಅಜ್ಜಿ, ತಲೆಗೆ ಕರಿಯ ವಸ್ತ್ರ, ಕಂಕುಳಲ್ಲಿ ಬಟ್ಟೆ ಸುತ್ತಿದ ರೊಟ್ಟಿ, ಅತ್ತೂ ಅತ್ತೂ ಕೆಂಪಾದ ಕಣ್ಣು. ನನ್ನ ಭುಜದ ಮೇಲಿಂದ ಒಳಗೆ ನೋಡಿದರು, ಕೈ ಎತ್ತಿ ಕೂತಿದ್ದ ಹಿರಿಯರನ್ನು ಕಂಡರು, ಹೊಸ್ತಿಲಲ್ಲೇ ಕುಸಿದು ಕೂತು ಕೂಗಿದರು:

"ರಾತ್ರಿಯೆಲ್ಲ ಗೋಡೆ ಸದ್ದಿಲ್ಲ, ಮುದುಕ ಹೋದ ಅಂತ ಅಳ್ತಾ ರೊಟ್ಟಿ ಬೇಯಿಸ್ಕೊಂಡು ಬಂದೆ ಕಣೋ ಶಾರ್ಶೆನ್! ಬದುಕಿದೀಯಲ್ಲ, ಸರಿ, ಚಹಾಕ್ಕಿಡ್ರೇ, ಬಿಸಿ ಇರುವಾಗ್ಲೇ ತಿನ್ನೋಣ."